ಕಡಜಗಳಿಗೆ ಜೇನು ಹಚ್ಚಿದ ಬೇಸಿಗೆ

ಮೊನ್ನೆ ಅಡುಗೆಮನೆಯ ಮೇಲಿನ ಹಲಗೆಯಿಂದ ಒಂದು ಡಬ್ಬಿ ಇಳಿಸಿ ಮುಚ್ಚಳ ತೆಗೆದರೆ ಜೋಳದ ನುಚ್ಚಿಗೆ ಹುಳು ಬಿದ್ದಿತ್ತು. ಮರೆತು ಎಷ್ಟು ತಿಂಗಳಾಗಿತ್ತೋ ಏನೋ. ನುಚ್ಚೆಲ್ಲ ಬಲೆ ಕಟ್ಟಿಕೊಂಡು ಹೆಂಟೆ ಹೆಂಟೆಯಾಗಿತ್ತು. ಒಂದೆರಡು ಬೂದುಬಣ್ಣದ ಪತಂಗಗಳು ಮುಖದ ಮೇಲೇ ಹಾರಿ ಹೋದವು. ಬೇರೆಯವರಾಗಿದ್ದರೆ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಚೆಲ್ಲಿ ಬರುತ್ತಿದ್ದರು. ನಾನು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಮಣೆಯ ಮೇಲೆ ಕೂತೆ. ಸ್ವಲ್ಪ ಹುಳಿ, ಸ್ವಲ್ಪ ಸಿಹಿ, ಹಳೇ ಗೋಣಿಚೀಲದ್ದೂ ಹೌದು ಅಲ್ಲ ಅನ್ನುವಂಥ ವಾಸನೆ. ತಿಪಟೂರಿನ ಹೊರಗೆ, ಬಿಳಿಗೆರೆ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿದ್ದ ಒಂದು ಹೆಂಚಿನ ಕಟ್ಟಡದಲ್ಲಿ ನಾನು ಬೆಳಗಿಂದ ಸಂಜೆವರೆಗೆ ಇದೇ ವಾಸನೆಯನ್ನು ಉಸಿರಾಡಿದ್ದೆ. ಸಂಜೆ ಮನೆಗೆ ಹೋದರೆ ಸೀರೆ ಸೆರಗಿನಲ್ಲೂ ಅದೇ ಇರುತ್ತಿತ್ತು.

ಎಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷ ಕಳೆದಿತ್ತು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದ್ದಕ್ಕೆ ನನಗೆ ಸಿಕ್ಕ ಕೆಲಸ ಅದು. ಆ ವರ್ಷ ಸಂಕ್ರಾಂತಿ ಕಳೆಯುತ್ತಿದ್ದ ಹಾಗೆ ತೆಂಗಿನ ತೋಟಗಳಿಗೆ ಕಪ್ಪು ತಲೆ ಹುಳ ಬಿತ್ತು. ಗರಿಯ ಅಡಿಯಲ್ಲಿ ಕೂತು ಹಸಿರನ್ನೆಲ್ಲ ಕೆರೆದು ತಿನ್ನುವ ಹುಳ ಅದು. ಬಸ್ಸಿನಿಂದ ನೋಡಿದರೆ ತೋಟಕ್ಕೆ ತೋಟವೇ ಬೆಂಕಿಯ ಝಳಕ್ಕೆ ಸಿಕ್ಕ ಹಾಗೆ ಕಂದಿಹೋಗಿತ್ತು. ಮರದ ತುದಿಯಲ್ಲಿ ಎರಡು ಮೂರು ಹಸಿರು ಗರಿ ಉಳಿದಿದ್ದರೆ ಅದೇ ಪುಣ್ಯ. ಅಷ್ಟೆತ್ತರದ ಮರಗಳಿಗೆ ಔಷಧಿ ಹೊಡೆಯುವುದು ಆಗದ ಮಾತು. ಅದಕ್ಕೇ ಆ ಹುಳವನ್ನು ಕೊಲ್ಲುವ ಇನ್ನೊಂದು ಹುಳವನ್ನು ಸಾಕಿ ರೈತರಿಗೆ ಕೊಡುವ ಕೇಂದ್ರ ತೆರೆದಿದ್ದರು. ಕಾಗದಪತ್ರಗಳಲ್ಲಿ ಅದಕ್ಕೆ ಪರೋಪಜೀವಿ ಅಂತ ಹೆಸರು. ರೈತರ ಬಾಯಲ್ಲಿ ಒಳ್ಳೆ ಹುಳ. "ಒಳ್ಳೆ ಹುಳ ಬಂದೈತೇನ್ರಮ್ಮ?" ಅಂತ ಕೇಳಿಕೊಂಡು ಬರೋರು.

ಒಳ್ಳೆ ಹುಳ ಅಂದರೆ ಒಂದು ಸಣ್ಣ ಕಡಜ. ಮೊದಲ ಸಲ ನೋಡಿದವರು ರೆಕ್ಕೆ ಬಂದ ಕಪ್ಪಿರುವೆ ಅಂದುಕೊಳ್ಳುತ್ತಾರೆ. ನಾವು ಮೊದಲು ಜೋಳದ ನುಚ್ಚಿನ ಪೆಟ್ಟಿಗೆಗಳಲ್ಲಿ ಪತಂಗದ ಹುಳುಗಳನ್ನು ಬೆಳೆಸುತ್ತಿದ್ದೆವು. ಕೊಬ್ಬಿದ ಒಂದೊಂದು ಹುಳುವನ್ನು ಒಂದೊಂದು ಗಾಜಿನ ಕೊಳವೆಗೆ ಹಾಕಿ, ಅದರ ಜೊತೆ ಒಂದು ಹೆಣ್ಣು ಕಡಜವನ್ನು ಬಿಟ್ಟು, ಹತ್ತಿಯಿಂದ ಬಾಯಿ ಮುಚ್ಚುತ್ತಿದ್ದೆವು. ಕಡಜ ಹುಳುವನ್ನು ಚುಚ್ಚುತ್ತದೆ, ಹುಳು ಅಲ್ಲಾಡದೆ ಬೀಳುತ್ತದೆ. ಆಮೇಲೆ ಅದರ ಮೈಮೇಲೆ ಸಾಲಾಗಿ ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದ ಮರಿಗಳು ಆ ಹುಳುವನ್ನೇ ಹೀರಿ ಬೆಳೆದು ಗೂಡು ಕಟ್ಟಿಕೊಳ್ಳುವ ತನಕ ತಾಯಿ ಅಲ್ಲಿಂದ ಕದಲುವುದಿಲ್ಲ. ಪಕ್ಕದಲ್ಲೇ ಇನ್ನೊಂದು ಹುಳು ಇಟ್ಟರೂ ತಿರುಗಿ ನೋಡುವುದಿಲ್ಲ. ನಮ್ಮಲ್ಲಿ ಇನ್ನೊಂದು ಜಾತಿಯದೂ ಇತ್ತು, ಕೆಂಚು ಬಣ್ಣದ್ದು. ಅದು ಮೊಟ್ಟೆಯಿಟ್ಟು ಹಾಗೇ ಬಿಟ್ಟು ಹೋಗಿ ಮತ್ತೊಂದು ಹುಳುವಿನ ಮೇಲೆ ಇಡುತ್ತದೆ, ಮತ್ತೊಂದರ ಮೇಲೆ ಇಡುತ್ತದೆ, ಬೇಗ ಸಾಯುತ್ತದೆ.

ಆ ಕೇಂದ್ರದ ಅಧಿಕಾರಿ ವೀರಭದ್ರಯ್ಯನವರು. ಹಾಸನದ ಕಡೆಯ ಮನುಷ್ಯ, ತೆಳ್ಳಗೆ, ಸಮಾಧಾನಿ. ನಾಲ್ಕು ಹೆಣ್ಣುಮಕ್ಕಳ ತಂದೆ. ಯಾವುದನ್ನಾದರೂ ವಿವರಿಸುವುದಕ್ಕೆ ಸಿಕ್ಕಿದರೆ ಕಾಫಿ ಆರಿಹೋಗುವುದೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಆ ಬೇಸಿಗೆಯಲ್ಲಿ ಅವರಿಗೆ ಒಂದು ಪರೀಕ್ಷೆ ಮಾಡುವ ಮನಸ್ಸಾಯಿತು. ಮರದ ಮೇಲೆ ಹುಳ ಕಡಿಮೆ ಇರುವ ತಿಂಗಳುಗಳಲ್ಲಿ ಈ ಕಡಜಗಳನ್ನು ಎಷ್ಟು ಕಾಲ ಜೀವಂತ ಇಟ್ಟುಕೊಳ್ಳಬಹುದು ಅಂತ ತಿಳಿಯಬೇಕಿತ್ತು. ಹಾಗಾಗಿ ಒಂದು ಗುಂಪಿಗೆ ಹುಳುವೂ ಕೊಟ್ಟು ಜೇನೂ ಕೊಟ್ಟೆವು. ಇನ್ನೊಂದು ಗುಂಪಿಗೆ ಹುಳು ಇಲ್ಲ, ಬರೀ ಜೇನು. ಗಾಜಿನ ಒಳಮೈಗೆ ಕಡ್ಡಿಯಿಂದ ಜೇನಿನ ಗೆರೆ ಎಳೆಯುವುದು, ಯಾವುದು ಬದುಕಿದೆ ಯಾವುದು ಸತ್ತಿದೆ ನೋಡುವುದು ನನ್ನ ಕೆಲಸ.

ಆಗ ನಾನೂ ನಮ್ಮನೆಯವರು ರುದ್ರೇಶರೂ ತಿಪಟೂರಿನಲ್ಲಿ ನಂಜಮ್ಮ ಅನ್ನುವವರ ಮನೆಯ ಹಿಂಭಾಗದ ಎರಡು ಕೋಣೆಯಲ್ಲಿ ಬಾಡಿಗೆಗಿದ್ದೆವು. ಮದುವೆಯಾಗಿ ಮೂರನೇ ವರ್ಷ. ಅವರಿಗೆ ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ. ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ರೈಲಿಗೆ ಬರೋರು. ಬಂದವರೇ ಬಚ್ಚಲಿಗೆ ಹೋಗಿ ಹುಬ್ಬು ಮೀಸೆಯ ಬೂದಿ ತೊಳೆದುಕೊಂಡ ಮೇಲೇ ಮಾತು. ಮಾತೂ ಹೆಚ್ಚಿಲ್ಲ. ನಂಜಮ್ಮನವರದು ಕೊಬ್ಬರಿ ವ್ಯಾಪಾರದ ಮನೆ. ನಮ್ಮ ಕೋಣೆಯ ಮೇಲೆಯೇ ಅಟ್ಟ, ಅದರ ತುಂಬ ಕೊಬ್ಬರಿಯಾಗಲಿ ಅಂತ ಹಾಕಿದ ಕಾಯಿ. ಇಲಿ ಓಡಾಡಿದರೆ ಒಂದು ಕಾಯಿ ಉರುಳಿ, ಅದು ಇನ್ನೊಂದಕ್ಕೆ ತಾಗಿ, ಸದ್ದು ಅಟ್ಟದ ಈ ಕೊನೆಯಿಂದ ಆ ಕೊನೆವರೆಗೆ ಹೋಗುತ್ತಿತ್ತು.

ಶಿವರಾತ್ರಿ ಮುಗಿದ ವಾರ ಬಿಳಿಗೆರೆಯ ಒಂದು ತೋಟಕ್ಕೆ ಕಡಜ ಬಿಡುವುದಕ್ಕೆ ಹೋಗಿದ್ದೆ. ಕೊಳವೆಗಳ ಪೆಟ್ಟಿಗೆ ಹಿಡಿದುಕೊಂಡು ಕೆರೆ ಏರಿ ಹತ್ತುವಾಗ ಉಸಿರು ಸಿಕ್ಕಲಿಲ್ಲ. ಕೂತೆ. ಕೂತರೂ ಎದೆ ಬಡಿತ ನಿಲ್ಲಲಿಲ್ಲ. ಬಿಸಿಲಿಗಿರಬೇಕು ಅಂದುಕೊಂಡೆ. ಮತ್ತೆ ಮತ್ತೆ ಹೀಗಾದಾಗ ರುದ್ರೇಶ ನನ್ನನ್ನು ತುಮಕೂರಿಗೆ ಕರೆದುಕೊಂಡು ಹೋದರು. ಅಲ್ಲಿಯ ವಯಸ್ಸಾದ ಡಾಕ್ಟರು ತುಂಬ ಹೊತ್ತು ಎದೆಗೆ ನಳಿಗೆ ಇಟ್ಟು ಕೇಳಿ, ಚಿಕ್ಕವಳಿದ್ದಾಗ ಕೀಲುಗಳು ಊದಿಕೊಂಡು ಜ್ವರ ಬಂದಿತ್ತಾ ಅಂತ ವಿಚಾರಿಸಿದರು. ಬಂದಿತ್ತು. ಒಂದು ವರ್ಷ ಶಾಲೆಯೇ ತಪ್ಪಿತ್ತು. ಆ ಜ್ವರವೇ ಹೃದಯದ ಒಂದು ಕವಾಟವನ್ನು ಕಿರಿದು ಮಾಡಿಟ್ಟು ಹೋಗಿದೆ ಅಂದರು. ಸದ್ಯಕ್ಕೆ ಮಾತ್ರೆ ಸಾಕು, ಮುಂದೆ ಹೆಚ್ಚಾದರೆ ಬೆಂಗಳೂರಿನಲ್ಲಿ ಆಪರೇಷನ್ ಇದೆ. ಆದರೆ ಬಸುರಿಯಾದರೆ ಮೈಯಲ್ಲಿ ರಕ್ತ ಹೆಚ್ಚುತ್ತದೆ, ಅಷ್ಟನ್ನೂ ಈ ಕಿರಿದಾದ ಬಾಗಿಲಿನಲ್ಲೇ ದಾಟಿಸಬೇಕು ಅಂತ ವಿವರಿಸಿದರು.

ಹಾಗಾದರೆ ಮಗು ಬೇಡವೇ ಅಂತ ನಾನೇ ಕೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಮ್ಮ, ನಿನ್ನ ಹಾಗಿರೋರು ಹೆತ್ತು ಚೆನ್ನಾಗಿರೋದನ್ನೂ ನೋಡಿದೀನಿ. ಹೆರಿಗೆಗೆ ಮುಂಚೇನೇ ಹೋದೋರನ್ನೂ ನೋಡಿದೀನಿ. ಹೆತ್ತು, ಒಂದೆರಡು ವರ್ಷದಲ್ಲಿ ಸೋತು ಹೋದೋರೂ ಇದಾರೆ. ನೀನು ಯಾವುದು ಅಂತ ನಾನು ಹೇಳಲಾರೆ. ಯೋಚನೆ ಮಾಡಿ. ಒಂದು ತೀರ್ಮಾನಕ್ಕೆ ಬರೋ ತನಕ ಹುಷಾರಾಗಿರಿ."

ಬರುವಾಗ ರೈಲಿನಲ್ಲಿ ಇಬ್ಬರೂ ಕಿಟಕಿ ಕಡೆ ನೋಡುತ್ತ ಕೂತೆವು. ಗುಬ್ಬಿ ದಾಟಿತು, ಅಮ್ಮಸಂದ್ರ ದಾಟಿತು. ಅವರು ಕಡಲೆಕಾಯಿ ಕೊಂಡು ಸುಲಿದು ಸುಲಿದು ನನ್ನ ಕೈಗೆ ಹಾಕಿದರು. ಡಾಕ್ಟರು ಬೇಡ ಅಂತ ಹೇಳಿದ್ದರೆ ಬೇಡವೇ ಆಗುತ್ತಿತ್ತು. ಆಗಬಹುದು ಅಂದಿದ್ದರೆ ಹಾಗೇ ಆಗುತ್ತಿತ್ತು. ಎರಡೂ ಅಲ್ಲದ ಒಂದು ಮಾತನ್ನು ಕಟ್ಟಿ ಕೊಟ್ಟಿದ್ದರು, ಅದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಮಾರನೆಯ ದಿನದಿಂದ ಕೊಳವೆಗಳ ಮುಂದೆ ಕೂತರೆ ನನ್ನ ಕಣ್ಣು ಬೇರೆಯೇ ಆಗಿತ್ತು. ಹುಳು ಕೊಟ್ಟ ಗುಂಪಿನಲ್ಲಿ ಕಡಜಗಳು ಸಾಯತೊಡಗಿದ್ದವು. ಮೊಟ್ಟೆಯಿಟ್ಟು, ಮರಿ ಕಾದು, ಮತ್ತೆ ಹುಳು ಕೊಟ್ಟರೆ ಮತ್ತೆ ಇಟ್ಟು, ಮೂರನೆಯ ಸಲಕ್ಕೋ ನಾಲ್ಕನೆಯ ಸಲಕ್ಕೋ ಹತ್ತಿಯ ಪಕ್ಕದಲ್ಲಿ ಮುದುರಿ ಬೀಳುತ್ತಿದ್ದವು. ಬರೀ ಜೇನಿನ ಗುಂಪಿನವು ಗಾಜಿನ ಮೇಲೆ ಓಡಾಡಿಕೊಂಡು, ಗೆರೆಯ ಹತ್ತಿರ ಬಂದು ಬಾಯಿ ಒರೆಸಿಕೊಂಡು ಆರಾಮವಾಗಿದ್ದವು. ಯಾಕೆ ಹೀಗೆ ಅಂತ ವೀರಭದ್ರಯ್ಯನವರನ್ನು ಕೇಳಿದೆ. ನನ್ನ ಹೃದಯದ ವಿಷಯ ಅವರಿಗೆ ಗೊತ್ತಿರಲಿಲ್ಲ, ಖುಷಿಯಿಂದಲೇ ಹೇಳಿದರು. ಪ್ರಾಣಿಗೆ ಸಿಗುವ ಶಕ್ತಿ ಇಷ್ಟೇ. ಅದನ್ನು ಮೈ ರಿಪೇರಿಗೂ ಹಾಕಬೇಕು, ಮರಿಗೂ ಹಾಕಬೇಕು. ಮರಿಗೆ ಹೆಚ್ಚು ಹಾಕಿದರೆ ಮೈ ಬೇಗ ಸವೆಯುತ್ತೆ. ಕೆಂಚು ಕಡಜ ಬೇಗ ಬೇಗ ಖರ್ಚು ಮಾಡಿ ಹೋಗುತ್ತೆ, ಕರಿಯದು ಕಮ್ಮಿ ಇಟ್ಟು ಕಾಯುತ್ತೆ. ಇಲಿಗೆ ವರ್ಷಕ್ಕೆ ಎಷ್ಟೋ ಸೂಲು, ಆಯಸ್ಸು ಇಷ್ಟೇ ಇಷ್ಟು. ಆನೆಗೆ ಎಷ್ಟೋ ವರ್ಷಕ್ಕೊಂದು ಮರಿ, ಆಯಸ್ಸು ನಮ್ಮ ಹಾಗೆ. ಯಾವುದು ಸರಿ ಯಾವುದು ತಪ್ಪು ಅಂತಿಲ್ಲ, ಅದರದರ ಬದುಕಿಗೆ ಹೊಂದಿದ್ದು ಅಷ್ಟೆ.

ನನಗೆ ಕೇಳಿಸಿದ್ದು ಒಂದೇ ಮಾತು. ಮರಿಗೆ ಹಾಕಿದರೆ ಮೈ ಸವೆಯುತ್ತದೆ.

ಆದರೆ ಸಂಜೆ ಮನೆಗೆ ಬಂದರೆ ಅಂಗಳದಲ್ಲಿ ನಂಜಮ್ಮ ಕೂತಿರೋರು. ಅರವತ್ತು ದಾಟಿದ ಹೆಂಗಸು. ಮಚ್ಚು ಎತ್ತಿ ಹೊಡೆದರೆ ಕೊಬ್ಬರಿ ಗಿಟುಕು ಸೊಟ್ಟಗಾಗದೆ ಸರಿಯಾಗಿ ಎರಡು ಹೋಳು. ಎಂಟೋ ಒಂಬತ್ತೋ ಹೆತ್ತಿದ್ದಾರೆ ಅಂತ ಕೇಳಿದ್ದೆ. ಹಲ್ಲೊಂದೂ ಬಿದ್ದಿರಲಿಲ್ಲ. ಒಂದು ಸಂಜೆ ಅವರ ಪಕ್ಕ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಅವರು ಮಚ್ಚು ಕೆಳಗಿಟ್ಟು ಕೇಳಿದರು. ಧೈರ್ಯ ಹೇಳುತ್ತಾರೆ ಅಂದುಕೊಂಡಿದ್ದೆ.

"ಒಂಬತ್ತು ಹೆತ್ತೆ ಕಣವ್ವ. ಒಂದೊಂದು ಹೆತ್ತಾಗ್ಲೂ ಮೈ ಗಟ್ಟಿಯಾಯ್ತು ಅನ್ನಿಸ್ತು ನಂಗೆ. ನನ್ ತಂಗಿ ಒಂದೇ ಒಂದು ಹೆತ್ತು, ಬಾಣಂತಿ ಕೋಣೇಲೇ ಹೋದ್ಲು. ಇಬ್ರೂ ಕುಡ್ದಿದ್ದು ಒಬ್ಳೇ ತಾಯಿ ಹಾಲು. ಇದುಕ್ಕೆ ಏನಂತೀಯ? ನೀನು ಓದಿದೋಳು, ನೀನೇ ಹೇಳು."

ಅವರು ಮತ್ತೆ ಮಚ್ಚು ಕೈಗೆತ್ತಿಕೊಂಡು, ನನ್ನ ನೋಡ್ಕಂಡು ಏನೂ ತೀರ್ಮಾನ ಮಾಡ್ಬೇಡ ಮಗ ಅಂದರು. ಆಮೇಲೆ, ನನ್ ತಂಗೀನ ನೋಡ್ಕಂಡೂ ಮಾಡ್ಬೇಡ ಅಂತ ಸೇರಿಸಿದರು.

ಈ ಗೊಂದಲವನ್ನು ಬೇರೆ ಮಾತಿನಲ್ಲಿ ಸುತ್ತಿ ವೀರಭದ್ರಯ್ಯನವರ ಮುಂದಿಟ್ಟೆ. ಕೆಲವು ಹೆಂಗಸರು ಅಷ್ಟೊಂದು ಹೆತ್ತೂ ಗಟ್ಟಿಯಾಗಿರುತ್ತಾರಲ್ಲ ಸಾರ್, ಅದು ಹೇಗೆ? ಅವರು ಎದ್ದು ಹೋಗಿ ಎರಡು ಕೊಳವೆ ತಂದರು. ಒಂದರಲ್ಲಿ ದಪ್ಪ ಕಡಜ, ಇನ್ನೊಂದರಲ್ಲಿ ಕೃಶವಾದದ್ದು. ಈ ದಪ್ಪದ್ದು ಮರಿಯಾಗಿದ್ದಾಗ ಚೆನ್ನಾಗಿ ತಿಂದಿದೆ, ಇದು ಮೊಟ್ಟೆಯನ್ನೂ ಹೆಚ್ಚು ಇಡುತ್ತೆ, ಹೆಚ್ಚು ದಿನವೂ ಇರುತ್ತೆ. ಸಣ್ಣದು ಎರಡರಲ್ಲೂ ಹಿಂದೆ. ಹಾಗಾಗಿ ಹೊರಗಿನಿಂದ ನೋಡಿದರೆ ಹೆಚ್ಚು ಹೆತ್ತದ್ದೇ ಹೆಚ್ಚು ಬದುಕಿದ ಹಾಗೆ ಕಾಣುತ್ತೆ. ಕೈತುಂಬ ಇರೋರು ಎರಡು ಕಡೆಗೂ ಖರ್ಚು ಮಾಡಬಹುದು, ಅಷ್ಟೆ ಅಂದರು. ಹಾಗಾದರೆ ಒಂದು ಕಡಜವನ್ನು ನೋಡಿ, ಇದು ಹೆತ್ತರೆ ಎಷ್ಟು ದಿನ ಇದ್ದೀತು ಅಂತ ಹೇಳಬಹುದಾ ಅಂತ ಕೇಳಿದೆ. ನೂರನ್ನು ಒಟ್ಟಿಗೆ ಕೊಡಿ ಹೇಳ್ತೀನಿ, ಒಂದನ್ನು ಕೊಟ್ಟರೆ ಹೇಳಲಾರೆ ಅಂತ ನಕ್ಕರು.

ಇಬ್ಬರು ತಿಳಿದವರು, ಒಂದೇ ಉತ್ತರ. ನಾನು ಒಬ್ಬಳೇ ಇದ್ದೆನಲ್ಲ, ನೂರು ಎಲ್ಲಿಂದ ತರಲಿ.

ಯುಗಾದಿಗೆ ಮಾಯಸಂದ್ರದಿಂದ ನಮ್ಮತ್ತೆ ಬಂದರು. ರುದ್ರೇಶ ಅವರಿಗೆ ಒಬ್ಬನೇ ಮಗ. ಮುಚ್ಚಿಡುವುದು ಬೇಡ ಅಂತ ಅವರೇ ತಾಯಿಗೆ ಎಲ್ಲ ಹೇಳಿದರು. ಅತ್ತೆ ಹೋಳಿಗೆಯ ಹೂರಣ ರುಬ್ಬುತ್ತಿದ್ದ ಕೈ ನಿಲ್ಲಿಸಿ, ನನ್ನ ಮಗನಿಗೆ ಹೆಂಡತಿ ಬೇಕು, ಮಿಕ್ಕಿದ್ದೆಲ್ಲ ಆಮೇಲೆ ಅಂದುಬಿಟ್ಟರು. ಆ ಮಾತಿಗೆ ನನಗೆ ಕಣ್ಣು ತುಂಬಿತು. ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ಅವರಿಲ್ಲ. ದೇವಸ್ಥಾನಕ್ಕೆ ಹೋಗಿ ಸೊಸೆಗೆ ಮಡಿಲು ತುಂಬಲಿ ಅಂತ ಹರಕೆ ಹೊತ್ತು ಬಂದಿದ್ದರು. ಎರಡೂ ಅವರು ಮನಸ್ಸಿಟ್ಟೇ ಮಾಡಿದ್ದು. ಅದರಲ್ಲಿ ನನಗೆ ಅನುಮಾನವಿಲ್ಲ.

ರುದ್ರೇಶ ಮಾತ್ರ ಏನೂ ಹೇಳುತ್ತಿರಲಿಲ್ಲ. ನಾನು ಕೇಳಿದರೆ, ನಿನ್ನ ಮೈ, ನೀನು ಹೇಳು ಅನ್ನೋರು. ಅದು ಔದಾರ್ಯವೋ ಜಾರಿಕೊಳ್ಳುವುದೋ ತಿಳಿಯದೆ ಒಂದೊಂದು ದಿನ ಒಂದೊಂದು ಥರ ಅನ್ನಿಸುತ್ತಿತ್ತು. ನನ್ನ ಮನಸ್ಸೂ ಹಾಗೇ. ಬೆಳಿಗ್ಗೆ ಹಲ್ಲುಜ್ಜುವಾಗ ಬೇಡ, ಬದುಕಿದ್ದರೆ ಸಾಕು ಅನ್ನಿಸೋದು. ಮಧ್ಯಾಹ್ನ ಯಾರಾದರೂ ರೈತನ ಹೆಂಡತಿ ಕಂಕುಳಲ್ಲಿ ಕೂಸು ಇಟ್ಟುಕೊಂಡು ಕೊಳವೆ ಕೇಳುವುದಕ್ಕೆ ಬಂದರೆ, ಆ ಕೂಸಿನ ತಲೆಯ ಎಣ್ಣೆ ವಾಸನೆ ಮೂಗಿಗೆ ಬಡಿದು, ಏನಾದರಾಗಲಿ ಅನ್ನಿಸೋದು.

ಚೈತ್ರ ಮುಗಿಯುವ ಹೊತ್ತಿಗೆ ಒಂದು ಘಟನೆ ನಡೆಯಿತು. ಘಟನೆ ಅಂದರೆ ದೊಡ್ಡದೇನಲ್ಲ. ಮರಿ ಕಾಯುತ್ತಿದ್ದ ಒಂದು ಕರಿ ಕಡಜದ ಕೊಳವೆಗೆ ನಾನು ಕೈತಪ್ಪಿ ಇನ್ನೊಂದು ಕಡಜವನ್ನು ಬಿಟ್ಟುಬಿಟ್ಟೆ. ಹೊಸದು ನೇರವಾಗಿ ಮರಿಗಳ ಕಡೆಗೆ ಹೋಯಿತು. ಬೇರೆಯವರ ಮೊಟ್ಟೆ ಮರಿಗಳನ್ನು ತಿಂದು ಆ ಜಾಗದಲ್ಲಿ ತನ್ನದು ಇಡುವುದು ಇವುಗಳ ಅಭ್ಯಾಸ. ತಾಯಿ ಅಡ್ಡ ಬಂತು. ಹೊಸದು ತಾಯಿಗಿಂತ ದಪ್ಪ. ಆದರೂ ಕಚ್ಚಿ ಹಿಡಿದು ಕೊಳವೆಯ ಈ ತುದಿಯಿಂದ ಆ ತುದಿಗೆ ಉರುಳಾಡಿಸಿ, ಅದನ್ನು ಹತ್ತಿಯವರೆಗೆ ಅಟ್ಟಿತು. ಮತ್ತೆ ಬಂದು ಮರಿಗಳ ಮೇಲೆ ನಿಂತು, ಮೀಸೆಯಿಂದ ಒಂದೊಂದನ್ನೂ ಮುಟ್ಟಿ ನೋಡಿತು. ಅದರ ಒಂದು ಕಾಲು ಮುರಿದಿತ್ತು. ಹೊಸ ಕಡಜವನ್ನು ತೆಗೆಯುವುದನ್ನೂ ಮರೆತು ನಾನು ನೋಡುತ್ತ ಕೂತಿದ್ದೆ. ಅದಕ್ಕೆ ಏನು ಗೊತ್ತು, ಏನು ಗೊತ್ತಿಲ್ಲ ಅಂತ ನನಗೆ ತಿಳಿಯದು. ನನ್ನ ಮನಸ್ಸಿನಲ್ಲಿ ಮಾತ್ರ ಇಷ್ಟು ದಿನ ಅತ್ತಿತ್ತ ಹೊಯ್ದಾಡುತ್ತಿದ್ದದ್ದು ಒಂದು ಕಡೆ ನಿಂತಿತು.

ಆ ಸಂಜೆ ಅವರು ಮುಖ ತೊಳೆದುಕೊಂಡು ಬಂದ ಮೇಲೆ ಕಾಫಿ ಕೊಟ್ಟು ಹೇಳಿದೆ. ನನಗೆ ಮಗು ಬೇಕು, ಏನಾದರೂ ಆಗಲಿ, ನಾನು ಹೆರುತ್ತೇನೆ.

ಅವರು ಲೋಟವನ್ನು ಬಾಯಿಗೆ ಒಯ್ಯದೆ ಕೆಳಗಿಟ್ಟರು.

"ಹೋದ ವಾರ ನಾನು ಆಪರೇಷನ್ ಮಾಡಿಸ್ಕೊಂಡು ಬಂದೆ ಕಣೆ."

ಮೊದಲು ನನಗೆ ಅರ್ಥವಾಗಲಿಲ್ಲ. ಯಾವ ಆಪರೇಷನ್, ನಿಮಗೇನಾಗಿದೆ ಅಂತ ಗಾಬರಿಯಾದೆ. ಆಮೇಲೆ ಅರ್ಥವಾಯಿತು, ಮಕ್ಕಳಾಗದ ಹಾಗೆ ಗಂಡಸರಿಗೆ ಮಾಡುವ ಆಪರೇಷನ್. ಹೋದ ವಾರ ಕಾರ್ಖಾನೆಯ ಕೆಲಸದ ಮೇಲೆ ಹಾಸನಕ್ಕೆ ಹೋಗಿಬರುತ್ತೇನೆ ಅಂದಿದ್ದರು. ಬಂದ ಮೇಲೆ ಸೈಕಲ್ ಮುಟ್ಟದೆ ಸ್ಟೇಷನ್ನಿಗೆ ನಡೆದೇ ಹೋಗುತ್ತಿದ್ದರು. ಕೇಳಿದ್ದಕ್ಕೆ, ಪ್ಲಾಟ್‌ಫಾರಂ ಮೇಲೆ ಜಾರಿಬಿದ್ದು ತೊಡೆ ನೋವು ಅಂದಿದ್ದರು. ನಾನು ಉಪ್ಪಿನ ಶಾಖ ಕೊಡುತ್ತೇನೆ ಅಂದರೆ ಬೇಡ ಅಂದಿದ್ದರು. ಎಮರ್ಜೆನ್ಸಿಯಲ್ಲಿ ಹಿಡಿದುಕೊಂಡು ಹೋಗಿ ಮಾಡಿಸಿದ ಮೇಲೆ ನಮ್ಮ ಕಡೆ ಗಂಡಸರು ಆ ಆಪರೇಷನ್ ಹೆಸರೆತ್ತಿದರೇ ಎದ್ದು ಹೋಗುತ್ತಿದ್ದ ಕಾಲ ಅದು. ಇವರು ತಾವಾಗಿ ಹೋಗಿದ್ದರು. ಮಕ್ಕಳಿಲ್ಲದವರಿಗೆ ಮಾಡುವುದಿಲ್ಲ ಅಂದರಂತೆ ಅಲ್ಲಿ. ನನ್ನ ಹೃದಯದ ಬಗ್ಗೆ ತುಮಕೂರಿನ ಡಾಕ್ಟರು ಬರೆದುಕೊಟ್ಟ ಚೀಟಿ ತೋರಿಸಿ ಒಪ್ಪಿಸಿದರಂತೆ.

ನಿನ್ನ ಮೈ, ನೀನು ಹೇಳು ಅಂದವರು, ಮಾತು ನನ್ನ ಬಾಯಿಗೆ ಬರುವ ಮೊದಲೇ ಬಾಗಿಲು ಹಾಕಿ ಬಂದಿದ್ದರು. ಸಿಟ್ಟು ಬಂತು. ಆ ಸಿಟ್ಟಿನ ಅಡಿಯಲ್ಲೇ, ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಹಗುರವೂ ಆಯಿತು. ಇನ್ನು ನಾನು ಸಾಯಬೇಕಾಗಿಲ್ಲ ಅಂತ ಎದೆಯೊಳಗೆ ಏನೋ ಸಡಿಲವಾಯಿತು. ಸಡಿಲವಾದದ್ದಕ್ಕೆ ಮತ್ತೆ ನನ್ನ ಮೇಲೇ ಸಿಟ್ಟು ಬಂತು. ಹಾಗಾದರೆ ಮಧ್ಯಾಹ್ನ ನಾನು ಮಾಡಿದ ತೀರ್ಮಾನ ನಿಜವೋ ಸುಳ್ಳೋ?

ಆಮೇಲೆ ಎಷ್ಟೋ ದಿನ ನಾವಿಬ್ಬರೂ ಬೇಕಾದಷ್ಟೇ ಮಾತಾಡಿದೆವು. ಊಟಕ್ಕೆ ಬನ್ನಿ, ಸೀಮೆಎಣ್ಣೆ ಮುಗಿದಿದೆ, ಅಷ್ಟೆ. ನಂಜಮ್ಮನಿಗೆ ಗೊತ್ತಾಗಿರಬೇಕು. ಕಾರಣ ಕೇಳಲಿಲ್ಲ. ಸಾರು ಮಾಡಿದ ದಿನ ಒಂದು ಬಟ್ಟಲು ತಂದು ನಮ್ಮ ಹೊಸ್ತಿಲ ಮೇಲಿಟ್ಟು, ಇಬ್ರಿಗೂ ಕಣವ್ವ ಅಂತ ಹೇಳಿ ಹೋಗೋರು.

ಮೇ ಕೊನೆಯಲ್ಲಿ ಮಳೆ ಬಂತು. ಎರಡು ಹದಮಳೆ ಬಿದ್ದದ್ದೇ ತೋಟಗಳಲ್ಲಿ ಕಪ್ಪು ತಲೆ ಹುಳ ಇಳಿಯಿತು. ಸುಟ್ಟಂತಿದ್ದ ಮರಗಳ ನೆತ್ತಿಯಲ್ಲಿ ಸುಳಿ ಹಸಿರಾಗಿ ನೆಟ್ಟಗೆ ನಿಂತಿತು. ನಮ್ಮ ಒಳ್ಳೆ ಹುಳದಿಂದ ಅಂತ ಕೆಲವರು, ಮಳೆಯಿಂದ ಅಂತ ಕೆಲವರು. ವೀರಭದ್ರಯ್ಯನವರಿಗೆ ವರ್ಗವಾಯಿತು. ಪರೀಕ್ಷೆ ಇಲ್ಲಿಗೆ ಸಾಕು, ಜೇನಿನ ಗುಂಪಿನಲ್ಲಿ ಉಳಿದವನ್ನು ಚೆಲ್ಲಿಬಿಡಿ ವಿಶಾಲಾಕ್ಷಮ್ಮ ಅಂದರು. ಹುಳು ಕೊಟ್ಟ ಗುಂಪಿನಲ್ಲಿ ಅಷ್ಟು ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಜೇನಿನವು ಇನ್ನೂ ಇದ್ದವು. ರೆಕ್ಕೆ ಅಂಚು ಹರಿದಿತ್ತು, ಓಡಾಟ ನಿಧಾನವಾಗಿತ್ತು, ಆದರೂ ಇದ್ದವು.

ಚೆಲ್ಲುವ ಮೊದಲು ಒಂದೊಂದಕ್ಕೂ ಒಂದೊಂದು ಹುಳು ಹಾಕಿದೆ. ಯಾಕೆ ಹಾಕಿದೆ ಅಂತ ಆಗಲೂ ಗೊತ್ತಿರಲಿಲ್ಲ. ಇಷ್ಟು ದಿನ ಕೊಡದೆ ಇದ್ದದ್ದನ್ನು ಈಗಾದರೂ ಕೊಡಬೇಕು ಅಂತಲೋ, ಕೊಟ್ಟರೆ ಏನು ಮಾಡುತ್ತವೆ ಅಂತ ನೋಡುವುದಕ್ಕೋ. ಕೆಲವು ಹುಳುವಿನ ಹತ್ತಿರವೂ ಹೋಗಲಿಲ್ಲ, ಜೇನಿನ ಗೆರೆಯ ಬಳಿಯೇ ಉಳಿದವು. ಕೆಲವು ಚುಚ್ಚಿದವು, ಮೊಟ್ಟೆಯಿಡಲಿಲ್ಲ. ಕೆಲವು ಆ ವಯಸ್ಸಿನಲ್ಲೂ ನಾಲ್ಕಾರು ಮೊಟ್ಟೆಯಿಟ್ಟು ಕಾವಲು ನಿಂತವು. ಹಾಗೆ ನಿಂತವುಗಳಲ್ಲಿ ಕೆಲವು ಮರಿಗಳ ಮೇಲೇ ಸತ್ತವು. ಒಂದು ಮಾತ್ರ ಮರಿಗಳು ಗೂಡು ಕಟ್ಟಿ, ಗೂಡು ಒಡೆದು ಹೊರಗೆ ಬಂದ ಮೇಲೂ ಬದುಕಿತ್ತು. ಮೊಟ್ಟೆಯಿಡದೆ ಸುಮ್ಮನಿದ್ದ ಅದರ ಜೊತೆಯವೆಲ್ಲ ಸತ್ತ ಮೇಲೂ ಬದುಕಿತ್ತು. ಸಾಮಾನು ಕಟ್ಟುತ್ತಿದ್ದ ವೀರಭದ್ರಯ್ಯನವರಿಗೆ ತಂದು ತೋರಿಸಿದೆ. ಅವರು ಬೆಳಕಿಗೆ ಹಿಡಿದು ನೋಡಿ, ಇಂಥದೊಂದು ಎಲ್ಲ ಗುಂಪಿನಲ್ಲೂ ಇರುತ್ತೆ, ಇದರಿಂದ ಏನೂ ಹೇಳೋದಕ್ಕಾಗಲ್ಲ ಅಂದರು. ಏನಾದರೂ ಹೇಳಿದ್ದರೆ ಚೆನ್ನಾಗಿತ್ತು.

ಆ ದಿನ ಮನೆಗೆ ಬಂದಾಗ ರುದ್ರೇಶ ರಜೆ ಹಾಕಿ ಮನೆಯಲ್ಲೇ ಇದ್ದರು. ಮಳೆ ನೀರು ಸೋರುತ್ತದೆ ಅಂತ ಹೆಂಚು ಸರಿಮಾಡಿ ಇಳಿಯುತ್ತಿದ್ದರು. ಏಣಿಯ ಬುಡದಲ್ಲಿ ನಿಂತು ನಾನು ಕೇಳಿದೆ.

"ನನ್ನ ಕೇಳದೆ ಯಾಕೆ ಮಾಡಿಸ್ಕೊಂಡ್ರಿ? ನಾನು ಸಾಯ್ತೀನಿ ಅಂತಲಾ?"

ಅವರು ಕೊನೆಯ ಮೆಟ್ಟಿಲ ಮೇಲೆ ಕೂತರು. ನನಗೋಸ್ಕರ ಅನ್ನುತ್ತಾರೆ ಅಂದುಕೊಂಡೆ. ಹಾಗಂದರೆ ಏನು ಹೇಳಬೇಕು ಅಂತಲೂ ಸಿದ್ಧಮಾಡಿಕೊಂಡಿದ್ದೆ.

"ನಿನಗೋಸ್ಕರ ಅಂದ್ರೆ ಸುಳ್ಳಾಗುತ್ತೆ," ಅಂದರು. "ಡಾಕ್ಟರ ಹತ್ರದಿಂದ ಬಂದ ಮೇಲೆ ನಂಗೆ ಒಂದೇ ಯೋಚನೆ. ನೀನು ಹೋಗ್ಬುಟ್ರೆ ನಾನು ಕೂಸು ಎತ್ಕೊಂಡು ಈ ಮನೇಲಿ ಒಬ್ನೇ ಆಗ್ತೀನಲ್ಲ ಅಂತ. ನಿನ್ನ ಕೇಳಿದ್ರೆ ನೀನು ಬೇಕು ಅಂತೀಯ ಅಂತ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ."

ಸಿದ್ಧಮಾಡಿಕೊಂಡಿದ್ದ ಮಾತು ಉಪಯೋಗಕ್ಕೆ ಬರಲಿಲ್ಲ. ನಾನು ಬೇಕು ಅನ್ನುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ, ಅವರಿಗೆ ಹೇಗೆ ಗೊತ್ತಿತ್ತು? ಅವರ ಕೈಗೆ ಹೆಂಚಿನ ಪಾಚಿ ಮೆತ್ತಿಕೊಂಡಿತ್ತು. ನೀರು ತಂದು ಹುಯ್ದೆ. ಅವರು ಕೈ ತೊಳೆದುಕೊಂಡರು. ಆ ರಾತ್ರಿಯಿಂದ ಮಾತು ಮತ್ತೆ ಶುರುವಾಯಿತು.

ಮುಂದಿನ ವರ್ಷ ನನಗೆ ತುಮಕೂರಿಗೆ ವರ್ಗವಾಯಿತು. ಐದಾರು ವರ್ಷ ಮಾತ್ರೆಯಲ್ಲಿ ದೂಡಿ, ಆ ದಶಕ ಮುಗಿಯುವ ಹೊತ್ತಿಗೆ ಉಸಿರಾಟ ಕಷ್ಟವಾದಾಗ ಬೆಂಗಳೂರಿನಲ್ಲಿ ಕವಾಟ ಬಿಡಿಸುವ ಆಪರೇಷನ್ ಮಾಡಿದರು. ಚೆನ್ನಾಗಿ ಆಯಿತು. ಬಿಡುಗಡೆಯ ದಿನ ಅಲ್ಲಿಯ ಡಾಕ್ಟರು, ಇನ್ನು ಬೇಕಾದರೆ ಒಂದು ಮಗು ಮಾಡಿಕೊಳ್ಳಬಹುದು, ತುಂಬ ತಡ ಮಾಡಬೇಡಿ ಅಂತ ಸಹಜವಾಗಿ ಹೇಳಿ ಮುಂದಿನ ಹಾಸಿಗೆಗೆ ಹೋದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ತುಮಕೂರು ತಲುಪುವ ಹೊತ್ತಿಗೆ ಬಸ್ಸಿನಲ್ಲಿ ಅವರು ಮೆಲ್ಲಗೆ, ಅವತ್ತು ಕತ್ತರಿಸಿದ್ದನ್ನು ಮತ್ತೆ ಸೇರಿಸಬಹುದಂತೆ, ಕೇಳಿಕೊಂಡು ಬಂದಿದೀನಿ ಅಂದರು. ಕೂಡಿದರೆ ಕೂಡಿತು ಇಲ್ಲದಿದ್ದರೆ ಇಲ್ಲವಂತೆ. ನೋಡೋಣ ಅಂದೆ. ನಾಳೆ ನೋಡೋಣ, ಬೇಸಿಗೆ ಕಳೆಯಲಿ ನೋಡೋಣ ಅಂತ ಇಬ್ಬರೂ ಹೇಳುತ್ತ ಹೋದೆವು. ಒಂದು ದಿನ ಹೇಳುವುದು ನಿಂತುಹೋಗಿತ್ತು.

ರುದ್ರೇಶ ಐವತ್ತೆಂಟಕ್ಕೆ ಹೋದರು. ಬೆಳಿಗ್ಗೆ ಹಾಲು ತರಲು ಹೋದವರು ಬಾಗಿಲವರೆಗೆ ಬಂದು ಕುಸಿದರು. ಹೃದಯ ಅಂದರು. ಅವರ ಎದೆಗೆ ಅದುವರೆಗೆ ಯಾರೂ ನಳಿಗೆ ಇಟ್ಟು ಕೇಳಿರಲಿಲ್ಲ, ಕೇಳಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ನಂಜಮ್ಮ ಅದಾದ ಮೇಲೂ ಇದ್ದರು. ತೊಂಬತ್ತರ ಹತ್ತಿರ ಬಂದಿದ್ದ ಆ ಮುದುಕಿ ಮೊಮ್ಮಗನ ಕೈ ಹಿಡಿದುಕೊಂಡು ನನ್ನನ್ನು ಮಾತಾಡಿಸಲು ತುಮಕೂರಿಗೆ ಬಂದು, ಮಧ್ಯಾಹ್ನದವರೆಗೆ ಪಕ್ಕದಲ್ಲಿ ಕೂತು ಹೋದರು.

ಹೋದ ತಿಂಗಳು ತಪಾಸಣೆಗೆ ಹೋಗಿದ್ದೆ. ಹೊಸ ಡಾಕ್ಟರು, ನನಗೆ ಮೊಮ್ಮಗಳಿದ್ದಿದ್ದರೆ ಅವಳ ವಯಸ್ಸಿನ ಹುಡುಗಿ. ಈ ವಯಸ್ಸಿಗೆ ನಿಮ್ಮ ಹಾರ್ಟ್ ತುಂಬ ಚೆನ್ನಾಗಿದೆ ಅಜ್ಜಿ ಅಂದಳು. ಎಷ್ಟು ಹೆರಿಗೆ ಅಂತ ಕೇಳಿದಳು, ಬರೆದುಕೊಳ್ಳುವುದಕ್ಕೆ. ಒಂದೂ ಇಲ್ಲ ಅಂದೆ. ಮಕ್ಕಳಾಗಲಿಲ್ವಾ ಅಂತ ತಲೆಯೆತ್ತಿ ನೋಡಿದಳು.

ಈ ಪ್ರಶ್ನೆಗೆ ನಲವತ್ತು ವರ್ಷದಿಂದ ಹೌದು ಆಗಲಿಲ್ಲ ಅಂತ ಹೇಳಿ ಮುಗಿಸುತ್ತಿದ್ದೆ. ಅವತ್ತು ಯಾಕೋ ಬಾಯಿ ಬೇರೆ ಮಾತು ಆಡಿತು.

"ಬೇಡ ಅಂದ್ವಿ ಕಣಮ್ಮ," ಅಂದೆ.

ಬೇಡ ಅಂದದ್ದು ಅವರೊಬ್ಬರೇ. ನಾನು ಬೇಕು ಅಂದವಳು. ಆದರೂ ಬಂದದ್ದು ಅಂದ್ವಿ ಅಂತ. ಹುಡುಗಿ ಹಾಗೇ ಬರೆದುಕೊಂಡಳು. ತಿದ್ದಬೇಕೋ ಬೇಡವೋ ಅಂತ ಯೋಚಿಸುತ್ತ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ. ಅಷ್ಟರಲ್ಲಿ ಮುಂದಿನವರನ್ನು ಕರೆದರು.